ಎಂಟು ಕಿಟಕಿಗಳ ಮನೆ

ಮೈಸೂರು ಮತ್ತು ಯಲಹಂಕದ ನಡುವೆ ಓಡಿದ ಒಂದು ರೈಲಿಗೆ ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂದು ಹೆಸರಿತ್ತು. ಮಾಲ್ಗುಡಿ ಯಾವ ಭೂಪಟದಲ್ಲೂ ಸಿಗುವ ಊರಲ್ಲ. ಆರ್.ಕೆ. ನಾರಾಯಣ್ ತಮ್ಮ ಇಂಗ್ಲಿಷ್ ಕಾದಂಬರಿಗಳಿಗಾಗಿ ಕಲ್ಪಿಸಿಕೊಂಡ ಊರು ಅದು. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಮೊದಲು ಕಾಣಿಸಿಕೊಂಡಿತು. ಆದರೆ ನಾರಾಯಣ್ ತಮಗಾಗಿ ಕಟ್ಟಿಸಿಕೊಂಡ ಮನೆ ಮೈಸೂರಿನ ಯಾದವಗಿರಿಯಲ್ಲಿ ನಿಂತಿದೆ. ಇಂದು ಅದು ಮ್ಯೂಸಿಯಂ.

ಬರೆಯಲೆಂದೇ ಒಂದು ಕೋಣೆ

1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ನಾರಾಯಣ್ ಮೈಸೂರಿಗೆ ಬಂದದ್ದು ತಂದೆಯ ಕೆಲಸದ ದೆಸೆಯಿಂದ. ತಂದೆ ಇಲ್ಲಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ನಾರಾಯಣ್ ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿ ತುಂಬು ಕುಟುಂಬದ ನಡುವೆ ವರ್ಷಗಟ್ಟಲೆ ಬಾಳಿದ ಮೇಲೆ, 1950ರ ದಶಕದ ಆರಂಭದಲ್ಲಿ ಯಾದವಗಿರಿಯ ಮನೆ ಎದ್ದಿತು. ಎರಡಂತಸ್ತಿನ ಬಿಳಿ ಕಟ್ಟಡದ ಒಂದು ತುದಿ ಅರ್ಧ ವೃತ್ತವಾಗಿ ಮುಂದಕ್ಕೆ ಚಾಚಿದೆ. ಮಹಡಿಯಲ್ಲಿ ಆ ಬಾಗಿನ ಉದ್ದಕ್ಕೂ ಎಂಟು ಕಿಟಕಿಗಳಿವೆ. ಅದೇ ಅವರ ಬರವಣಿಗೆಯ ಕೋಣೆ. ಒಂದೇ ದಿಕ್ಕಿನ ಬೆಳಕಿಗೆ ಕಾಯಬೇಕಿಲ್ಲ, ಬೀದಿಯ ಓಡಾಟವೂ ಕಣ್ಣಿಗೆ ಬೀಳುತ್ತದೆ. ಪೇಟೆಯ ಜನರ ಚಿಕ್ಕ ಆಸೆ, ಚಿಕ್ಕ ಕಪಟಗಳನ್ನು ಬರೆದವರಿಗೆ ಇಂಥ ಕೋಣೆಯೇ ಒಪ್ಪುವಂಥದ್ದು.

ಕೆಡವಲು ಹೊರಟಾಗ

ಕೊನೆಯ ವರ್ಷಗಳಲ್ಲಿ ನಾರಾಯಣ್ ಚೆನ್ನೈ ಸೇರಿದರು. 2001ರ ಮೇ 13ರಂದು ಅಲ್ಲೇ ತೀರಿಕೊಂಡರು. ಮೈಸೂರಿನ ಮನೆ ಖಾಲಿ ಬಿತ್ತು. 2011ರಲ್ಲಿ ಕೆಡಹುವ ಕೆಲಸ ಶುರುವಾಗಿ ಕೆಲವು ಭಾಗಗಳನ್ನು ಕಿತ್ತೂ ಆಗಿತ್ತು. ಪತ್ರಿಕೆಗಳು ಸುದ್ದಿ ಮಾಡಿದವು, ನಾಗರಿಕರು ದನಿ ಎತ್ತಿದರು, ಕೆಲಸ ನಿಂತಿತು. ಮುಂದೆ ನಗರಪಾಲಿಕೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮನೆಯನ್ನು ಕೊಂಡು ದುರಸ್ತಿ ಮಾಡಿಸಿತು. 2016ರ ಜುಲೈನಲ್ಲಿ ಬಾಗಿಲು ಜನರಿಗೆ ತೆರೆಯಿತು.

ಈ ನಡುವೆ ಕೆಲವು ಕನ್ನಡ ಲೇಖಕರು ಆಕ್ಷೇಪ ಎತ್ತಿದರು: ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸಾರ್ವಜನಿಕ ಹಣವೇಕೆ? ಕನ್ನಡದ ಲೇಖಕರ ಮನೆಗಳಿಗೂ ಇಂಥದೇ ಕಾಳಜಿ ಸಲ್ಲಬೇಕೆಂಬುದು ನ್ಯಾಯವಾದ ಮಾತು. ಆದರೆ ಯಾದವಗಿರಿಯ ಮನೆ ಉರುಳಿದ್ದರೆ ಕನ್ನಡಕ್ಕೆ ಏನೂ ಲಾಭವಾಗುತ್ತಿರಲಿಲ್ಲ. ಮೈಸೂರಿನ ಬೀದಿಗಳನ್ನು ಜಗತ್ತಿಗೆ ಮುಟ್ಟಿಸಿದವರ ನೆನಪು ಮೈಸೂರಿನದೇ ಆಸ್ತಿ.

ಕುಪ್ಪಳಿಯ ಜೊತೆ ಇಟ್ಟು ನೋಡಿದರೆ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಯಿದೆ. ಅದು ಪೂರ್ವಿಕರ ಮಲೆನಾಡ ಮನೆ: ಮರದ ಕಂಬ, ಒಳ ಅಂಗಳ, ಹಳೆಯ ಮನೆಬಳಕೆಯ ಸಾಮಾನು. ‘ಕಾನೂರು ಹೆಗ್ಗಡಿತಿ’ ಓದಿ ಒಳಗೆ ಹೋದವರು ಕಾದಂಬರಿಯ ಲೋಕದೊಳಗೇ ಕಾಲಿಡುತ್ತಾರೆ. ಯಾದವಗಿರಿಯಲ್ಲಿ ಹಾಗಲ್ಲ. ಚಿತ್ರಗಳು, ಕೋಟು, ಕನ್ನಡಕ, ಪ್ರಶಸ್ತಿಗಳನ್ನು ನೋಡಬಹುದು; ಮಾಲ್ಗುಡಿ ಮಾತ್ರ ಅಲ್ಲಿಲ್ಲ. ಕುಪ್ಪಳಿ ತೋರಿಸುವುದು ಕಥೆ ಹುಟ್ಟಿದ ಬದುಕನ್ನು, ಯಾದವಗಿರಿ ತೋರಿಸುವುದು ಕಥೆ ಬರೆದ ಕೆಲಸದ ಜಾಗವನ್ನು. ನಾರಾಯಣರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣಕ್ಕೆ ನಿರ್ದೇಶಕ ಶಂಕರ್ ನಾಗ್ ಆರಿಸಿಕೊಂಡದ್ದೂ ಕುಪ್ಪಳಿಯ ತಾಲ್ಲೂಕಿನದೇ ಆಗುಂಬೆಯನ್ನು.

ಹೋಗುವ ಮೊದಲು ನಾರಾಯಣರ ಒಂದು ಕಾದಂಬರಿಯನ್ನಾದರೂ ಓದಿ. ಗಾಜಿನ ಪೆಟ್ಟಿಗೆಗಳ ಮುಂದೆ ಕಳೆಯುವುದಕ್ಕಿಂತ ಹೆಚ್ಚು ಹೊತ್ತು ಮಹಡಿಯ ಕೋಣೆಯಲ್ಲಿ ಕಳೆಯಿರಿ. ಕೋಟು, ಪದಕಗಳನ್ನು ಬೇರೆ ಊರಿಗೆ ಸಾಗಿಸಿಯೂ ಪ್ರದರ್ಶಿಸಬಹುದು. ಆ ಕೋಣೆಯನ್ನು ಸಾಗಿಸಲಾಗದು. ಉತ್ತರ ಬೆಂಗಳೂರಿನಂತೆ ಹಳೆಯ ಮನೆಗಳು ಬೇಗ ಬೇಗ ಅಪಾರ್ಟ್‌ಮೆಂಟುಗಳಾಗುವ ಕಡೆ ಈ ಮಾತು ಇನ್ನೂ ಮುಖ್ಯ. ಲೇಖಕರ ಮನೆಗಳ ಪಟ್ಟಿ ಮಾಡಿ, ಕುಟುಂಬದವರೊಡನೆ ಮಾತಾಡುವ ಕೆಲಸ ಜೆಸಿಬಿ ಬರುವ ಮೊದಲೇ ಆಗಬೇಕು. ಯಾದವಗಿರಿಯಲ್ಲಿ ಕೆಲವು ಭಾಗ ಕೆಡವಿದ ಮೇಲೆ ಎಚ್ಚೆತ್ತರೂ ಮನೆ ಉಳಿಯಿತು. ಪ್ರತಿ ಊರಿಗೂ ಅಂಥ ಎರಡನೆಯ ಅವಕಾಶ ಸಿಗುವುದಿಲ್ಲ.