ಇಂಧನ ಉದ್ಯಮದಲ್ಲಿ ನಮ್ಮ ಮಕ್ಕಳು

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರಾದ ನಮಗೂ ತೈಲೋದ್ಯಮಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಹ್ಯೂಸ್ಟನ್ ನಗರದಲ್ಲಿ ವೈದ್ಯವೃತ್ತಿ ನಡೆಸುವವರಿಗೆ ಈ ಸಂಬಂಧ ತಪ್ಪಿದ್ದಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 100 ಡಾಲರಿಗೂ ಮಿಗಿಲಾಗಿದ್ದ ಕಚ್ಚಾ ತೈಲದ ಬೆಲೆ 2016ರ ಆರಂಭದಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ನಿದ್ರೆ ಬಾರದೆಂದು, ಎದೆ ಹೊಡೆದುಕೊಳ್ಳುತ್ತದೆಂದು ಆ ದಿನಗಳಲ್ಲಿ ನಮ್ಮಲ್ಲಿಗೆ ಬಂದ ಕೆಲವು ತರುಣ ಇಂಜಿನಿಯರುಗಳ ಹೃದಯದಲ್ಲಿ ದೋಷವಿರಲಿಲ್ಲ. ಕೈಯಲ್ಲಿ ನೌಕರಿ ಇರಲಿಲ್ಲ. ಎಚ್-1ಬಿ ವೀಸಾದ ಮೇಲಿರುವವರ ಪಾಡು ಇನ್ನೂ ಕಷ್ಟಕರ. 2017ರಲ್ಲಿ ಜಾರಿಗೆ ಬಂದ ನಿಯಮದಂತೆ, ಕೆಲಸ ಹೋದವರಿಗೆ ಇನ್ನೊಂದನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನಗಳ ಅವಕಾಶ.

ಇದು ಒಮ್ಮೆ ಬಂದು ಹೋದ ಕಷ್ಟವೂ ಅಲ್ಲ. 1985ರ ಕೊನೆಯಲ್ಲಿ 30 ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 1986ರ ಬೇಸಿಗೆಯಲ್ಲಿ 11 ಡಾಲರಿನ ಸಮೀಪಕ್ಕೆ ಬಂದಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದೆ ಬೆಲೆ ಸೊನ್ನೆಗಿಂತಲೂ ಕೆಳಗೆ ಹೋಯಿತು. ಏರಿಳಿತವು ಈ ಉದ್ಯಮದ ಸ್ವಭಾವವೆಂದು ತಿಳಿದೇ ವೃತ್ತಿಯನ್ನು ಕಟ್ಟಿಕೊಳ್ಳಬೇಕು.

ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದ ನಾವು ಮತ್ತೆ ಪರೀಕ್ಷೆ ಬರೆದು, ರೆಸಿಡೆನ್ಸಿಯಲ್ಲಿ ಮತ್ತೆ ವಿದ್ಯಾರ್ಥಿಗಳಾದೆವು. ಅಂದು ಅವಮಾನವೆನಿಸಿದ್ದು ಇಂದು ಉಪಕಾರವೆನಿಸುತ್ತದೆ. ಹಿರಿಯರು ದಿನದಿನವೂ ನಮ್ಮ ತಪ್ಪು ತಿದ್ದಿದರು. ಪರವಾನಗಿ ಉಳಿಸಿಕೊಳ್ಳಲು ಇಂದಿಗೂ ವ್ಯಾಸಂಗ ಅನಿವಾರ್ಯ. ತರುಣ ಇಂಜಿನಿಯರಿಗೆ ಇಂತಹ ಏಣಿಯನ್ನು ಯಾರೂ ಹಾಕಿಕೊಡುವುದಿಲ್ಲ. ಪದವಿಯ ಬೆನ್ನಲ್ಲೇ ಒಳ್ಳೆಯ ಸಂಬಳ ಬರುತ್ತದೆ. ಕಲಿಕೆ ಅಲ್ಲಿಗೇ ನಿಂತರೂ ಕೇಳುವವರಿಲ್ಲ. ಆ ಏಣಿಯನ್ನು ಅವರೇ ಕಟ್ಟಿಕೊಳ್ಳಬೇಕು. ಅದಕ್ಕೆ ಮೂರು ಮೆಟ್ಟಿಲುಗಳನ್ನು ಹೇಳುತ್ತೇವೆ.

ಮೊದಲನೆಯದು ಪರವಾನಗಿ. ಎಫ್.ಇ. ಪರೀಕ್ಷೆಯನ್ನು ಪದವಿಯ ಕೊನೆಯ ವರ್ಷದಲ್ಲೇ ಬರೆಯಬಹುದು. ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವದ ಬಳಿಕ ಪಿ.ಇ. ಪರವಾನಗಿ ದೊರೆಯುತ್ತದೆ. ತೈಲ ಕಂಪನಿಯೊಳಗಿನ ಅನೇಕ ಹುದ್ದೆಗಳಿಗೆ ಇದು ಕಡ್ಡಾಯವಲ್ಲವೆಂದು ಹಲವರು ಕೈಬಿಡುತ್ತಾರೆ. ಆದರೆ ಕಂಪನಿಯನ್ನು ಬಿಟ್ಟು ಸ್ವತಂತ್ರವಾಗಿ ಸಾರ್ವಜನಿಕರಿಗೆ ಇಂಜಿನಿಯರಿಂಗ್ ಸೇವೆ ನೀಡಹೊರಟಾಗ ಅದು ಬೇಕೇ ಬೇಕು. ಟೆಕ್ಸಸ್ ರಾಜ್ಯದಲ್ಲಿ ಪರವಾನಗಿ ಪಡೆದವರು ವರ್ಷಕ್ಕೆ 15 ಗಂಟೆಗಳ ಕಲಿಕೆಯನ್ನು ಪೂರೈಸಬೇಕು. ಅದರಲ್ಲಿ ಒಂದು ಗಂಟೆ ವೃತ್ತಿನೀತಿಗೆ ಮೀಸಲು.

ಎರಡನೆಯದು ಗುರು. ನೇರ ಮೇಲಧಿಕಾರಿಯಲ್ಲದ ಹಿರಿಯರೊಬ್ಬರು ಇರಲಿ. ಭಡ್ತಿಯ ಭಯವಿಲ್ಲದೆ ಅವರ ಮುಂದೆ ಅಜ್ಞಾನವನ್ನು ಒಪ್ಪಿಕೊಳ್ಳಬಹುದು. ಸೊಸೈಟಿ ಆಫ್ ಪೆಟ್ರೋಲಿಯಂ ಇಂಜಿನಿಯರ್ಸ್‌ನಂತಹ ಸಂಸ್ಥೆಗಳ ಸ್ಥಳೀಯ ಶಾಖೆಗಳಲ್ಲಿ ಇಂತಹ ಹಿರಿಯರು ಸಿಗುತ್ತಾರೆ.

ಮೂರನೆಯದು, ಗಡಿ ದಾಟಬಲ್ಲ ವಿದ್ಯೆ. ಹ್ಯೂಸ್ಟನ್ನಿನ ಫರ್ವೊ ಎನರ್ಜಿಯ ಸ್ಥಾಪಕರಲ್ಲೊಬ್ಬರಾದ ಟಿಮ್ ಲ್ಯಾಟಿಮರ್ ಮೊದಲು ತೈಲ, ಅನಿಲದ ಬಾವಿಗಳನ್ನು ಕೊರೆಯುವ ಇಂಜಿನಿಯರಾಗಿದ್ದವರು. ನೆಲದಾಳದಲ್ಲಿ ಅಡ್ಡಲಾಗಿ ಕೊರೆಯುವ ಅದೇ ತಂತ್ರವನ್ನು ಅವರ ಕಂಪನಿ ಬಿಸಿ ಬಂಡೆಗಳತ್ತ ತಿರುಗಿಸಿತು. ಬಂಡೆಯ ಬಿರುಕುಗಳಲ್ಲಿ ಹಾಯ್ದು ಕಾದು ಮೇಲೆ ಬರುವ ನೀರಿನ ಶಾಖದಿಂದ ವಿದ್ಯುತ್ತು ಪಡೆಯುವ ಈ ವಿಧಾನವು 2023ರಲ್ಲಿ ನೆವಾಡಾದ ಪ್ರಯೋಗದಲ್ಲಿ ಸಫಲವಾಯಿತು. ತೈಲವು ಕೈಬಿಟ್ಟರೂ ಕೊರೆಯುವ ವಿದ್ಯೆ ಕೈಬಿಡಲಿಲ್ಲ.

ಕೊನೆಗೆ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮಕ್ಕಳಿಗೆ ನೌಕರಿ ಸಿಕ್ಕೊಡನೆ ನಾವು ಕೇಳುವುದು ಎರಡೇ: ಯಾವ ಕಂಪನಿ, ಎಷ್ಟು ಸಂಬಳ? ನಮ್ಮ ಮನೆಯಲ್ಲಿಯೂ ಹಾಗೆಯೇ ಕೇಳಿದ್ದೇವೆ. ಆ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಎರಡೂ ನಮ್ಮ ಮಕ್ಕಳ ಕೈಯಲ್ಲಿಲ್ಲದ ಸಂಗತಿಗಳು. ಇನ್ನು ಮುಂದೆ ಹಬ್ಬಕ್ಕೆ ಮನೆಗೆ ಬಂದ ಮಗನನ್ನೋ ಮಗಳನ್ನೋ, "ಈ ವರ್ಷ ಹೊಸದಾಗಿ ಏನು ಕಲಿತೆ?" ಎಂದು ಕೇಳೋಣ. ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸೆಂದು ವೈದ್ಯರಾದ ನಾವು ಬೇರೆ ಹೇಳಬೇಕಾಗಿಲ್ಲ.