ಕೆಳದಿ ಅರಸರ ವಿದೇಶನೀತಿ ಮತ್ತು ಬಸರೂರು ಬಂದರು

ವಿದೇಶನೀತಿಯೆಂಬುದು ರಾಜಧಾನಿಯ ಸಚಿವಾಲಯದಲ್ಲಿ ರೂಪುಗೊಂಡು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಘೋಷಿತವಾಗುವ ವಿಷಯವೆಂಬುದು ಸಾಮಾನ್ಯ ಗ್ರಹಿಕೆ. ಪಠ್ಯಪುಸ್ತಕಗಳಲ್ಲಿಯೂ ಅದು ಪಂಚಶೀಲ, ಅಲಿಪ್ತ ನೀತಿ ಮುಂತಾದ ಕೆಲವು ಪದಗಳಲ್ಲಿ ಮುಗಿದುಹೋಗುತ್ತದೆ. ಆದರೆ ಬಲಾಢ್ಯ ರಾಷ್ಟ್ರಗಳ ಪೈಪೋಟಿಯ ನಡುವೆ ಬೆಳೆಯುತ್ತಿರುವ ನಾಡೊಂದು ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಇಂದಿನ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯಲ್ಲಿ ಈ ಪ್ರಶ್ನೆಯನ್ನು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಒಂದು ವೀರಶೈವ ಅರಸುಮನೆತನ ಎದುರಿಸಿತ್ತು. ಅದು ಗೆದ್ದ ಬಗೆ ಹಾಗೂ ಸೋತ ಬಗೆ ಎರಡೂ ಇಂದಿಗೂ ವಿಚಾರಾರ್ಹವಾಗಿವೆ.

ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ನದಿಗಳು ಒಂದುಗೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಈ ಅಳಿವೆಯಿಂದ ಒಳಕ್ಕೆ, ಹೊಳೆಯ ದಂಡೆಯ ಮೇಲೆ ಬಸರೂರು ಇದೆ. ದಕ್ಷಿಣಕ್ಕೆ ಸೀತಾನದಿಯ ಬಳಿ ವಿಜಯನಗರ ಕಾಲದ ರಾಜ್ಯಕೇಂದ್ರವಾಗಿದ್ದ ಬಾರಕೂರು ಇದೆ. ಘಟ್ಟದ ಮೆಣಸು ಕೊಲ್ಲೂರು, ಹೊಸಂಗಡಿಗಳ ಕಡೆಯ ದಾರಿಗಳಿಂದ ಕೆಳಗಿಳಿಯುತ್ತಿತ್ತು. ಬಯಲಿನ ಗದ್ದೆಗಳು ಧಾರಾಳವಾಗಿ ಅಕ್ಕಿಯನ್ನು ಕೊಡುತ್ತಿದ್ದವು. ಮೆಣಸನ್ನು ಯುರೋಪು ಬಯಸಿತು. ಅಕ್ಕಿಯನ್ನು ಗೋವೆಯೂ ಮಸ್ಕತ್ತೂ ಬಯಸಿದವು. ಮೆಣಸಿಲ್ಲದೆ ವ್ಯಾಪಾರಿ ಲಾಭವನ್ನಷ್ಟೇ ಕಳೆದುಕೊಳ್ಳುವನು, ಅಕ್ಕಿಯಿಲ್ಲದೆ ಕೋಟೆಯೊಳಗಿನ ಸೈನಿಕ ಉಪವಾಸ ಬೀಳುವನು. ಈ ವ್ಯತ್ಯಾಸವೇ ಕೆಳದಿ ಅರಸರ ರಾಜನೀತಿಗೆ ಆಧಾರವಾಯಿತು.

1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವಿಜಯನಗರ ಪರಾಭವಗೊಂಡಾಗ ಕರಾವಳಿಯ ಮೇಲಿನ ಬಲವಾದ ಹಸ್ತ ಸಡಿಲವಾಯಿತು. ಆ ಅವಕಾಶವನ್ನು ಪೋರ್ಚುಗೀಸರು ತಡಮಾಡದೆ ಬಳಸಿಕೊಂಡು, 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆಯೂರಿದರು. 1629ರ ಸುಮಾರಿಗೆ ಗಂಗೊಳ್ಳಿಯಲ್ಲಿಯೂ ಅವರ ಕೋಟೆ ಎದ್ದಿತು. ಅವರಿಂದ 'ಕಾರ್ತಾಜ್' ಎಂಬ ರಹದಾರಿಯನ್ನು ಪಡೆಯದ ಹಡಗು ಕಡಲಿನಲ್ಲಿ ನಿರಾತಂಕವಾಗಿ ಸಾಗುವಂತಿರಲಿಲ್ಲ. ಹೊಳೆಯ ಮೇಲ್ಭಾಗದ ಪೇಟೆ ಸ್ಥಳೀಯರದು, ಅಳಿವೆಯ ಬಾಗಿಲು ಪರಕೀಯರದು ಎಂಬ ಸ್ಥಿತಿ ಉಂಟಾಯಿತು.

ಇದೇ ಕಾಲದಲ್ಲಿ ಘಟ್ಟದ ಮೇಲೆ ಕೆಳದಿ ಮನೆತನ ಪ್ರಬಲವಾಗುತ್ತ ಬಂದಿತು. ಹಿರಿಯ ವೆಂಕಟಪ್ಪನಾಯಕನ ಆಳ್ವಿಕೆಯಲ್ಲಿ, 1623ರಲ್ಲಿ, ಗೋವೆಯ ಪೋರ್ಚುಗೀಸ್ ರಾಯಭಾರ ಇಕ್ಕೇರಿಗೆ ಬಂದಿತು. ಅದರೊಡನೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ಭೇಟಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ವೆಂಕಟಪ್ಪನಾಯಕನ ಪರವಾಗಿ ಗೋವೆಗೆ ಹೋಗಿದ್ದ ರಾಯಭಾರಿ ವಿಠ್ಠಲ ಶೆಣೈಯ ಹೆಸರೂ ಅವನ ಬರಹದಲ್ಲಿದೆ. ಲಿಂಗಾಯತ ಅರಸನೊಬ್ಬ ಸಾರಸ್ವತ ರಾಯಭಾರಿಯ ಮೂಲಕ ಕ್ರೈಸ್ತ ರಾಜ್ಯಶಕ್ತಿಯೊಡನೆ ವ್ಯವಹರಿಸುತ್ತಿದ್ದನೆಂಬುದು ಗಮನಾರ್ಹ. ಭಾಷೆ ಬಲ್ಲವನು, ವ್ಯಾಪಾರದ ಮರ್ಮವನ್ನು ಅರಿತವನು ಯಾರೇ ಆಗಿರಲಿ, ನಾಡಿನ ಕೆಲಸಕ್ಕೆ ಅವನನ್ನು ನಿಯೋಜಿಸುವ ವಿವೇಕ ಆ ಆಸ್ಥಾನಕ್ಕಿತ್ತು. ಮುಂದೆ ವೀರಭದ್ರನಾಯಕನ ಕಾಲದಲ್ಲಿ, 1637ರಲ್ಲಿ, ಇಂಗ್ಲಿಷ್ ವರ್ತಕರು ಭಟ್ಕಳದಲ್ಲಿ ಕೋಠಿಯನ್ನು ತೆರೆಯಲು ಅವಕಾಶ ಪಡೆದರು. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡವನಿಗೆ ಬೆಲೆ ಕೇಳುವ ಅಧಿಕಾರವಿಲ್ಲವೆಂಬ ಲೋಕಾನುಭವವೇ ಇಲ್ಲಿ ರಾಜನೀತಿಯಾಯಿತು.

ಶಿವಪ್ಪನಾಯಕನು (1645-1660) ಭೂಕಂದಾಯದ 'ಶಿಸ್ತಿ'ನಿಂದ ಪ್ರಸಿದ್ಧನಾಗಿದ್ದಾನೆ. ಅವನ ವಿದೇಶನೀತಿಯೂ ಅಷ್ಟೇ ಶಿಸ್ತಿನದಾಗಿತ್ತು. ಏಷ್ಯದ ಕಡಲುಗಳಲ್ಲಿ ಪೋರ್ಚುಗೀಸರಿಗೂ ಡಚ್ಚರಿಗೂ ಇದ್ದ ಕದನವಿರಾಮ 1652ರಲ್ಲಿ ಮುಗಿಯಿತು. ಸಿಂಹಳದಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು. ಗೋವೆಯ ಗಮನವೂ ಹಡಗುಗಳೂ ಅತ್ತ ಹರಿದುಹೋದ ಆ ಹೊತ್ತಿನಲ್ಲಿಯೇ ಶಿವಪ್ಪನಾಯಕನ ಸೇನೆ ಕರಾವಳಿಗಿಳಿದು, ಒಂದೆರಡು ವರ್ಷಗಳೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡಿತು. ದೂರದ ಯುದ್ಧವೊಂದರ ಗತಿಯಿಂದ ತನ್ನ ನಾಡಿಗೆ ಒದಗುವ ಅನುಕೂಲವೇನೆಂಬುದನ್ನು ಅರಿತು ನಡೆದವರಿಗೆ ಮಾತ್ರ ಇಂಥ ಫಲ ದೊರೆಯುತ್ತದೆ.

ಆದರೆ ಒಬ್ಬ ಬಲಿಷ್ಠನನ್ನು ಹೊರದೂಡಿದಾಗ ಇನ್ನೊಬ್ಬ ಬಲಿಷ್ಠ ಬಾಗಿಲಿಗೆ ಬರುವುದು ಲೋಕರೂಢಿ. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1663ರಲ್ಲಿ ಕೊಚ್ಚಿಯನ್ನೂ ಗೆದ್ದು, ಮಲಬಾರಿನ ಮೆಣಸಿನ ಮೇಲೆ ಏಕಸ್ವಾಮ್ಯವನ್ನು ಸ್ಥಾಪಿಸಹೊರಟರು. ಬಸರೂರಿನಲ್ಲಿಯೂ ಅವರ ಕೋಠಿ ಬಂದಿತು. ಆಗ ಒಂದನೆಯ ಸೋಮಶೇಖರನಾಯಕನು ಹಳೆಯ ವೈರವನ್ನು ಬದಿಗಿಟ್ಟು, 1671ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ಅವರನ್ನು ಮರಳಿ ವ್ಯಾಪಾರಕ್ಕೆ ಬರಗೊಟ್ಟನು. ಈ ಬಾರಿ ಅವರಿಗೆ ದೊರೆತದ್ದು ಕೋಟೆಯಲ್ಲ, ಕೋಠಿ. ಕೋಠಿಯಲ್ಲಿ ಸರಕು ಇರುತ್ತದೆ, ಕೋಟೆಯಲ್ಲಿ ಫಿರಂಗಿ ಇರುತ್ತದೆ. ಎರಡು ಶಬ್ದಗಳ ಉಚ್ಚಾರದಲ್ಲಿರುವ ಅಂತರ ಅತ್ಯಲ್ಪ. ನಾಡಿನ ಸ್ವಾತಂತ್ರ್ಯದ ದೃಷ್ಟಿಯಿಂದ ಅವೆರಡರ ಅಂತರ ಅಪಾರ.

ಸೋಮಶೇಖರನಾಯಕನ ಬಳಿಕ ಪಟ್ಟವೇರಿದ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಈ ನೀತಿ ಇನ್ನೊಂದು ಪರೀಕ್ಷೆಗೆ ಒಳಗಾಯಿತು. 1689ರಲ್ಲಿ ಮೊಗಲ್ ಸೇನೆಯಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಅವಳು ಆಶ್ರಯವಿತ್ತು ಮುಂದಕ್ಕೆ ಕಳುಹಿಸಿಕೊಟ್ಟಳು. ಔರಂಗಜೇಬನ ಕೋಪಕ್ಕೆ ಗುರಿಯಾಗಿ ಯುದ್ಧವನ್ನು ಎದುರಿಸಿ, ಕೊನೆಗೆ ಸಂಧಿಯಲ್ಲಿ ರಾಜ್ಯವನ್ನು ಉಳಿಸಿಕೊಂಡಳು. 1665ರ ಫೆಬ್ರವರಿಯಲ್ಲಿ ಬಸರೂರಿನ ಮೇಲೆ ಕಡಲಿನಿಂದ ದಾಳಿಯಿಟ್ಟು ಪೇಟೆಯನ್ನು ಸೂರೆಗೊಂಡವನು ಇದೇ ಶಿವಾಜಿಯೆಂಬುದನ್ನು ನೆನೆದಾಗ ಈ ಆಶ್ರಯದಾನದ ಹಿರಿಮೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮರೆಹೊಕ್ಕವನನ್ನು ಕಾಯುವುದು ಶರಣಧರ್ಮ. ದಖ್ಖನವೆಲ್ಲ ಒಬ್ಬನೇ ಚಕ್ರವರ್ತಿಯ ವಶವಾಗದಂತೆ ನೋಡಿಕೊಳ್ಳುವುದು ರಾಜಧರ್ಮ. ಇವೆರಡೂ ಇಲ್ಲಿ ಒಂದೇ ದಾರಿಯಲ್ಲಿ ನಡೆದವು.

ಹಾಗಾದರೆ ಈ ನೀತಿ ಕುಂದಿದ್ದೆಲ್ಲಿ? ಮೊದಲನೆಯದಾಗಿ, ಕೆಳದಿ ನೆಲದ ಮೇಲೆ ಎಷ್ಟು ಬಲಿಷ್ಠವಾಗಿದ್ದರೂ ಐರೋಪ್ಯರ ಹಡಗುಪಡೆಗೆ ಸರಿಸಮವಾದ ನೌಕಾಬಲವನ್ನು ಕಟ್ಟಲಿಲ್ಲ. 1665ರಲ್ಲಿಯೇ ಬಸರೂರು ಈ ಎಚ್ಚರಿಕೆಯನ್ನು ಕೊಟ್ಟಿತ್ತು. ಎರಡನೆಯದಾಗಿ, ಎಲ್ಲರಿಗೂ ತೆರೆದಿದ್ದ ಬಂದರು ಅನ್ಯರ ಜಗಳದ ಕಣವಾಯಿತು. ಅರಬ್ಬರ ವ್ಯಾಪಾರಕ್ಕೆ ಪೋರ್ಚುಗೀಸರು ಒಡ್ಡಿದ ತಡೆಗೆ ಪ್ರತೀಕಾರವಾಗಿ 1695ರಲ್ಲಿ ಅರಬ್ಬರು ಮಂಗಳೂರನ್ನು ಸುಟ್ಟರು. 1713ರಲ್ಲಿ ಗೋವೆಯ ಹಡಗುಪಡೆ ಬಸರೂರು, ಕಲ್ಯಾಣಪುರ, ಮಂಗಳೂರುಗಳನ್ನು ಧ್ವಂಸಗೊಳಿಸಿತು. ಮರುವರ್ಷದ ಒಪ್ಪಂದದಲ್ಲಿ ಅರಬ್ಬರ ಹಡಗುಗಳಿಗೆ ಬಂದರುಗಳನ್ನು ಮುಚ್ಚುವ ಷರತ್ತಿಗೆ ಕೆಳದಿ ಒಪ್ಪಬೇಕಾಯಿತು. ಯಾರಿಗೆ ಬಾಗಿಲು ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂಬುದನ್ನು ಮನೆಯ ಯಜಮಾನನ ಬದಲು ಅತಿಥಿಯೇ ನಿರ್ಧರಿಸಿದ ದಿನ ಅದು. ಮೂರನೆಯದಾಗಿ, ಉತ್ತರಾಧಿಕಾರದ ಒಳಜಗಳ ಅರಮನೆಯನ್ನು ಕೊರೆಯಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರ ಬಳಿಕ ಕರಾವಳಿ ಇಂಗ್ಲಿಷರ ಪಾಲಾಯಿತು.

ಈ ಇತಿಹಾಸದ ಬೆಳಕಿನಲ್ಲಿ ಸ್ವತಂತ್ರ ಭಾರತದ ನಡೆಯನ್ನು ಪರಿಶೀಲಿಸಬಹುದು. ಅಮೆರಿಕ ಮತ್ತು ಸೋವಿಯತ್ ಬಣಗಳ ಪೈಪೋಟಿಯ ದಿನಗಳಲ್ಲಿ ಭಾರತವು 1955ರ ಬಾಂಡುಂಗ್ ಸಮ್ಮೇಳನದಲ್ಲಿಯೂ 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿಯೂ ಯಾವ ಬಣಕ್ಕೂ ಸೇರದ ದಾರಿಯನ್ನು ಎತ್ತಿಹಿಡಿಯಿತು. ಆದರೆ 1965-66ರ ಬರಗಾಲದಲ್ಲಿ ಅಮೆರಿಕದ ಗೋಧಿಯ ಹಡಗುಗಳಿಗಾಗಿ ದೇಶ ಕಾದು ಕುಳಿತಾಗ, ಅಧ್ಯಕ್ಷ ಜಾನ್ಸನ್ನರು ಆ ಗೋಧಿಯನ್ನು ಅಳೆದಳೆದು ಬಿಡುಗಡೆ ಮಾಡಿದರು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತುಗಳ ಮೇಲಿನ ಅಸಮಾಧಾನವೂ ಅದಕ್ಕೆ ಒಂದು ಕಾರಣವಾಗಿತ್ತು. ಅಕ್ಕಿ ಇದ್ದ ಕೆಳದಿ ಗೋವೆಯೊಡನೆ ಸಮಾನವಾಗಿ ಮಾತನಾಡಿತು. ಗೋಧಿ ಇಲ್ಲದ ಭಾರತ ವಾಷಿಂಗ್ಟನ್ನಿನ ಮುಂದೆ ಮಾತನ್ನು ತೂಗಿ ಆಡಬೇಕಾಯಿತು. ಹಸಿರು ಕ್ರಾಂತಿಯನ್ನು ಕೃಷಿಯ ಸಾಧನೆಯೆಂದಷ್ಟೇ ಬಣ್ಣಿಸುವುದು ಸಾಲದು, ಅದು ವಿದೇಶನೀತಿಯ ಸಾಧನೆಯೂ ಹೌದು.

1971ರಲ್ಲಿ ಸೋವಿಯತ್ ಒಕ್ಕೂಟದೊಡನೆ ಮೈತ್ರಿ ಒಪ್ಪಂದವಾಯಿತು. ಇಪ್ಪತ್ತು ವರ್ಷಗಳ ಬಳಿಕ ಆ ಒಕ್ಕೂಟವೇ ಇಲ್ಲವಾಯಿತು. ತರುವಾಯ ಭಾರತವು ಒಂದೆಡೆ ಅಮೆರಿಕ, ಜಪಾನ್, ಆಸ್ಟ್ರೇಲಿಯಗಳೊಡನೆ ಚತುಷ್ಕೂಟದಲ್ಲಿಯೂ ಇನ್ನೊಂದೆಡೆ ರಷ್ಯ, ಚೀನಗಳೊಡನೆ ಬ್ರಿಕ್ಸ್ ಕೂಟದಲ್ಲಿಯೂ ಕುಳಿತಿದೆ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ಪಾಶ್ಚಾತ್ಯರ ಆಕ್ಷೇಪಣೆಯ ನಡುವೆಯೂ ರಷ್ಯದ ತೈಲವನ್ನು ಹೇರಳವಾಗಿ ಕೊಂಡಿತು. ಇದನ್ನು ಕೆಲವರು ಜಾಣತನವೆನ್ನುತ್ತಾರೆ, ಕೆಲವರು ಅವಕಾಶವಾದವೆನ್ನುತ್ತಾರೆ. ಬಸರೂರಿನ ಇತಿಹಾಸ ಬೇರೊಂದು ಅಳತೆಗೋಲನ್ನು ಒದಗಿಸುತ್ತದೆ: ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ? ಅನ್ಯರಿಗೆ ಬೇಕಾದದ್ದು ತನ್ನ ಬಳಿ ಇರುವವರೆಗೆ, ತನ್ನ ಕಡಲನ್ನು ತಾನೇ ಕಾಯುವವರೆಗೆ, ಮನೆಯೊಳಗೆ ಐಕ್ಯ ಇರುವವರೆಗೆ ಹಲವರೊಡನೆ ಸ್ನೇಹ ಶಕ್ತಿಯಾಗಿರುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದೇ ಸ್ನೇಹ ಹಲವರ ಹಂಗಾಗಿ ಪರಿಣಮಿಸುತ್ತದೆ.

ಇದು ಕರಾವಳಿಯ ಮನೆಗಳಿಗೆ ದೂರದ ಮಾತಲ್ಲ. ಅಂದು ಮಸ್ಕತ್ತಿಗೆ ಅಕ್ಕಿ ಹೋಗುತ್ತಿತ್ತು. ಇಂದು ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಮಕ್ಕಳು ಅದೇ ಕೊಲ್ಲಿಯ ನಾಡುಗಳಿಗೆ ದುಡಿಮೆಗಾಗಿ ಹೋಗುತ್ತಾರೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಯುದ್ಧಕ್ಕಿಳಿದ ಪಕ್ಷಗಳೊಡನೆ ಮಾತುಕತೆಯ ದಾರಿ ತೆರೆದಿಲ್ಲದಿದ್ದರೆ ಅದು ಸುಲಭಸಾಧ್ಯವಾಗುತ್ತಿರಲಿಲ್ಲ. ವಿದೇಶನೀತಿಯ ಸಾಫಲ್ಯವನ್ನು ಅಳೆಯಬೇಕಾದದ್ದು ಇಂಥ ಹೊತ್ತಿನಲ್ಲಿ, ಮಗ ಮನೆಗೆ ಮರಳಿದನೇ ಎಂದು ಕಾದಿರುವ ತಾಯಿಯ ಹೊಸ್ತಿಲಿನಲ್ಲಿ.

ಆದ್ದರಿಂದ ಅಧ್ಯಾಪಕರು ಅಲಿಪ್ತ ನೀತಿಯ ಪಾಠವನ್ನು ಬೋಧಿಸುವಾಗ ಬಾಂಡುಂಗಿನಿಂದಲೇ ತೊಡಗಬೇಕಾಗಿಲ್ಲ. ವಿದ್ಯಾರ್ಥಿಗಳನ್ನು ಗಂಗೊಳ್ಳಿಯ ಅಳಿವೆಯ ಬಳಿಗೋ ಬಸರೂರಿನ ಹೊಳೆದಂಡೆಗೋ ಕರೆದೊಯ್ದು, ಇಲ್ಲಿ ಕೋಟೆ ಕಟ್ಟಬಂದವರಿಗೆ ಕೋಠಿ ಸಾಕೆಂದು ಹೇಳಿದ ಒಂದು ನಾಡಿತ್ತು, ಆ ಮಾತನ್ನು ಹೇಳುವ ಶಕ್ತಿ ಅದಕ್ಕೆ ಗದ್ದೆಯ ಬೆಳೆಯಿಂದ ಬಂದಿತ್ತು, ಕಡಲ ಕಾವಲಿಲ್ಲದೆ ಆ ಶಕ್ತಿ ಕರಗಿತು ಎಂದು ತಿಳಿಸಿದರೆ ಸಾಕು. ಕಾಯಕದಿಂದ ಸ್ವಾವಲಂಬನೆ, ಸ್ವಾವಲಂಬನೆಯಿಂದ ಸ್ವಾತಂತ್ರ್ಯ ಎಂಬ ತತ್ತ್ವ ವ್ಯಕ್ತಿಗೆ ಹೇಗೋ ರಾಷ್ಟ್ರಕ್ಕೂ ಹಾಗೆಯೇ ಅನ್ವಯಿಸುತ್ತದೆ.