ಗರ್ಭಿಣಿಯರ ಆರೋಗ್ಯವೂ ಮೊಬೈಲೂ

ಬಸುರಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ನಮ್ಮ ಜನರಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಊರಿನ ಮನೆಯಲ್ಲಿ ಅಜ್ಜಿ, ಅತ್ತೆ, ನೆರೆಮನೆಯ ಹಿರಿಯಳು, ಇವರಲ್ಲಿ ಒಬ್ಬರಲ್ಲ ಒಬ್ಬರು ಬಳಿಯಲ್ಲಿದ್ದು, ಇದನ್ನು ತಿನ್ನು, ಅದನ್ನು ಎತ್ತಬೇಡ ಎಂದು ಹೇಳುತ್ತಿದ್ದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರ ಮನೆಗಳಲ್ಲಿ ಇಂತಹ ಹಿರಿಯರು ಇರುವುದು ಅಪರೂಪ. ಚಾಳಿನ ಒಂದೇ ಕೋಣೆಯಲ್ಲಿ, ಗಂಡನು ಪಾಳಿಯ ಕೆಲಸಕ್ಕೆ ಹೋದ ಮೇಲೆ, ಚೊಚ್ಚಲು ಬಸುರಿಯು ಒಬ್ಬಳೇ ಉಳಿಯುವಳು. ತಲೆ ಸಿಡಿದರೆ, ಮುಖ ಬಾತರೆ, ಅದು ಸಹಜವೋ ಅಪಾಯವೋ ಎಂದು ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ. ಆದರೆ ಅಂತಹ ಕೋಣೆಯಲ್ಲಿಯೂ ಇಂದು ಸಾಮಾನ್ಯವಾಗಿ ಒಂದು ಮೊಬೈಲು ಇರುವುದು. ಈ ಸಾಧನವು ಆ ತಾಯಿಗೆ ಏನು ಮಾಡಬಲ್ಲುದು, ಏನು ಮಾಡಲಾರದು, ಅದರಲ್ಲಿ ನಮ್ಮ ವಿದ್ಯಾರ್ಥಿಗಳ ಪಾಲೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳ ಅಂದಾಜಿನಂತೆ 2023ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಸ್ತ್ರೀಯರು ಬಸುರಿನ ಇಲ್ಲವೆ ಹೆರಿಗೆಯ ತೊಂದರೆಗಳಿಂದ ಮರಣಹೊಂದಿದರು. ಎಂದರೆ ಸುಮಾರು ಎರಡು ನಿಮಿಷಕ್ಕೆ ಒಬ್ಬ ತಾಯಿ. ನಮ್ಮ ದೇಶವು ಈ ವಿಷಯದಲ್ಲಿ ಬಹಳ ಮುಂದುವರಿದಿದೆ. 2004-06ರಲ್ಲಿ, ಜೀವಂತವಾಗಿ ಹುಟ್ಟಿದ ಒಂದು ಲಕ್ಷ ಮಕ್ಕಳಿಗೆ 254 ತಾಯಂದಿರು ಸಾಯುತ್ತಿದ್ದರು. 2019-21ರಲ್ಲಿ ಈ ಸಂಖ್ಯೆ 93ಕ್ಕೆ ಇಳಿಯಿತು. ಇನ್ನೂ ಉಳಿದಿರುವ ಸಾವುಗಳಲ್ಲಿಯೂ ಹೆಚ್ಚಿನವು ಅತಿರಕ್ತಸ್ರಾವ, ರಕ್ತದೊತ್ತಡದ ಏರಿಕೆ, ನಂಜು ಮುಂತಾದ, ಚಿಕಿತ್ಸೆ ತಿಳಿದಿರುವ ಕಾರಣಗಳಿಂದಲೇ ಆಗುವುವು. ಚಿಕಿತ್ಸೆ ತಿಳಿದಿದ್ದೂ ತಾಯಿ ಏಕೆ ಸಾಯಬೇಕು?

ಈ ಪ್ರಶ್ನೆಗೆ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಕೊಟ್ಟ ಉತ್ತರವು ಪ್ರಸಿದ್ಧವಾಗಿದೆ. ತಾಯಿಯನ್ನು ಕೊಲ್ಲುವುದು ವಿಳಂಬ. ಅದು ಮೂರು ಬಗೆ. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದರಲ್ಲಿ ತಡವಾಗುವುದು ಒಂದನೆಯದು. ಆಸ್ಪತ್ರೆಯನ್ನು ತಲಪುವುದರಲ್ಲಿ ತಡವಾಗುವುದು ಎರಡನೆಯದು. ತಲಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವುದರಲ್ಲಿ ತಡವಾಗುವುದು ಮೂರನೆಯದು. ಮೊಬೈಲಿನ ಉಪಯೋಗವನ್ನು ಈ ಮೂರರ ಬೆಳಕಿನಲ್ಲಿ ನೋಡಿದರೆ ವಿಷಯವು ಸ್ಪಷ್ಟವಾಗುವುದು.

ಮೊದಲನೆಯ ವಿಳಂಬಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ತಿಳಿವಳಿಕೆಯ ಕೊರತೆ. ಇದನ್ನು ನೀಗಲು ನಮ್ಮ ಮುಂಬಯಿಯಲ್ಲಿಯೇ ಒಂದು ಒಳ್ಳೆಯ ಪ್ರಯತ್ನ ನಡೆಯಿತು. ವೈದ್ಯೆ ಡಾ. ಅಪರ್ಣಾ ಹೆಗ್ಡೆಯವರು 2008ರಲ್ಲಿ ಸ್ಥಾಪಿಸಿದ 'ಅರ್ಮಾನ್' ಎಂಬ ಸಂಸ್ಥೆಯು 'ಎಂಮಿತ್ರ' ಎಂಬ ಯೋಜನೆಯನ್ನು ಈ ನಗರದ ಬಡ ಬಸ್ತಿಗಳಲ್ಲಿ ಆರಂಭಿಸಿತು. ಗರ್ಭಿಣಿಯ ಹೆಸರು, ಅವಳ ತಿಂಗಳು, ಕರೆ ಬರಬೇಕಾದ ಹೊತ್ತು, ಇವನ್ನು ಬರೆದುಕೊಂಡರೆ, ಆ ತಿಂಗಳಿಗೆ ತಕ್ಕ ಮಾತನ್ನು ಮೊದಲೇ ಧ್ವನಿಮುದ್ರಿಸಿದ ಕರೆಯು ಅವಳಿಗೆ ತಾನಾಗಿ ಬರುವುದು. ಇದಕ್ಕೆ ಅವಳು ಹಣ ಕೊಡಬೇಕಾಗಿಲ್ಲ. ಅಕ್ಷರ ಬಾರದವರಿಗೂ ತಿಳಿಯಲೆಂದೇ ಬರೆದ ಸಂದೇಶಕ್ಕೆ ಬದಲಾಗಿ ಧ್ವನಿಯನ್ನು ಆರಿಸಿಕೊಂಡರು. ಭಾರತ ಸರ್ಕಾರವು 2016ರಲ್ಲಿ ಆರಂಭಿಸಿದ 'ಕಿಲ್ಕಾರಿ' ಎಂಬ ಸೇವೆಯ ರೀತಿಯೂ ಇದೇ. ಗರ್ಭದ ನಾಲ್ಕನೆಯ ತಿಂಗಳಿನಿಂದ ಮೊದಲ್ಗೊಂಡು ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ ಒಟ್ಟು 72 ಕರೆಗಳನ್ನು ಅದರಲ್ಲಿ ಏರ್ಪಡಿಸಿದರು.

ಇಂತಹ ಕರೆಗಳು ತಿಳಿಸುವ ಸಂಗತಿಗಳು ಸರಳವಾದುವು. ಬಸುರು ನಿಂತ 12 ವಾರಗಳೊಳಗಾಗಿ ಹೆಸರು ನೋಂದಾಯಿಸಬೇಕು. ನಾಲ್ಕನೆಯ ತಿಂಗಳಿನಿಂದ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಬೇಕು. ರಕ್ತವನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಬೇಕು. ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳು ಬಾಯುವುದು, ರಕ್ತ ಹೋಗುವುದು, ಜ್ವರ, ಸೆಳವು, ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಣ್ಣ ಮಾತುಗಳೇ ಆದರೂ ಬೇಕಾದ ತಿಂಗಳಿನಲ್ಲಿ ಕಿವಿಗೆ ಬಿದ್ದರೆ ಅವು ಪ್ರಾಣವನ್ನು ಉಳಿಸಬಲ್ಲುವು.

ಇದರಿಂದ ನಿಜವಾಗಿ ಪ್ರಯೋಜನವಾಗುವುದೇ ಎಂದು ಪರೀಕ್ಷಿಸಿ ನೋಡಿದವರೂ ಉಂಟು. ಆಫ್ರಿಕದ ಕರಾವಳಿಗೆ ಸಮೀಪದ ಜಾಂಜಿಬಾರ್ ದ್ವೀಪದಲ್ಲಿ 2009-10ರಲ್ಲಿ 24 ಆರೋಗ್ಯಕೇಂದ್ರಗಳಿಗೆ ಬರುತ್ತಿದ್ದ 2,550 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊಬೈಲಿನ ಮೂಲಕ ಸಂದೇಶಗಳನ್ನೂ, ಆರೋಗ್ಯಕೇಂದ್ರಕ್ಕೆ ಕರೆಮಾಡುವ ಅನುಕೂಲವನ್ನೂ ಒದಗಿಸಿದರು; ಇನ್ನೊಂದಕ್ಕೆ ಎಂದಿನ ಉಪಚಾರ ಮಾತ್ರ. ಮೊದಲನೆಯ ಗುಂಪಿನಲ್ಲಿ ನೂರಕ್ಕೆ 60 ಮಂದಿ ತರಬೇತಿ ಪಡೆದವರ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡರು. ಎರಡನೆಯದರಲ್ಲಿ 47 ಮಂದಿ. ಆದರೆ ಈ ಲಾಭವು ಪಟ್ಟಣದ ಸ್ತ್ರೀಯರಲ್ಲಿ ಎದ್ದು ಕಂಡಿತೇ ಹೊರತು ಹಳ್ಳಿಯವರಲ್ಲಿ ಕಾಣಲಿಲ್ಲ ಎಂಬುದನ್ನೂ ಗಮನಿಸಬೇಕು. ಕರೆಯು ಬುದ್ಧಿ ಹೇಳೀತು. ಆಸ್ಪತ್ರೆಯನ್ನು ಹತ್ತಿರಕ್ಕೆ ತಾರದು.

ಎರಡನೆಯ ವಿಳಂಬವನ್ನು ತಗ್ಗಿಸಲು 108 ಎಂಬ ಸಂಖ್ಯೆಯಿದೆ. ಕರ್ನಾಟಕದಲ್ಲಿ 2008ರಿಂದಲೂ ಮಹಾರಾಷ್ಟ್ರದಲ್ಲಿ 2014ರಿಂದಲೂ ಈ ಸಂಖ್ಯೆಗೆ ಕರೆಮಾಡಿ ಅಂಬುಲೆನ್ಸನ್ನು ಉಚಿತವಾಗಿ ತರಿಸಿಕೊಳ್ಳಬಹುದಾಗಿದೆ. ಕರೆಮಾಡಿದಾಗ ಚಾಳಿನ ಹೆಸರು, ಗಲ್ಲಿ, ಹತ್ತಿರದ ಗುರುತು, ಇವನ್ನು ತಡವರಿಸದೆ ಹೇಳುವುದು ಮುಖ್ಯ. ಮೂರನೆಯ ವಿಳಂಬವು ಆಸ್ಪತ್ರೆಯ ಒಳಗಿನದು. ವೈದ್ಯರು, ರಕ್ತ, ಔಷಧ, ಇವು ಸಿದ್ಧವಾಗಿರಬೇಕು. ಇಲ್ಲಿ ಮೊಬೈಲಿನಿಂದ ಆಗುವ ಸಹಾಯ ಸ್ವಲ್ಪವೇ: ಇಂತಹ ತಾಯಿ ಬರುತ್ತಿದ್ದಾಳೆಂದು ಮುಂದಾಗಿ ತಿಳಿಸಬಹುದು, ಅಷ್ಟೆ. ಮೊಬೈಲು ವೈದ್ಯನಲ್ಲ. ಸಂದೇಶ ಕೇಳಿದೆನೆಂದು ತಪಾಸಣೆಯನ್ನು ಬಿಡುವುದು, ಯಾರೋ ಕಳುಹಿಸಿದ ವಿಡಿಯೋ ನೋಡಿ ಮದ್ದು ಕುಡಿಯುವುದು, ಇವೆರಡೂ ಅಪಾಯಕರ.

ಇನ್ನೂ ಒಂದು ತೊಡಕುಂಟು. ಮನೆಯಲ್ಲಿ ಮೊಬೈಲು ಇದ್ದ ಮಾತ್ರಕ್ಕೆ ಅದು ತಾಯಿಯ ಕೈಯಲ್ಲಿದೆಯೆಂದು ಹೇಳಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ತಾವೇ ಬಳಸುವ ಮೊಬೈಲು ಇದ್ದವರು ನೂರಕ್ಕೆ 54 ಮಂದಿ ಮಾತ್ರ. ಗಂಡನ ಕಿಸೆಯಲ್ಲಿರುವ ಮೊಬೈಲಿಗೆ ಹಗಲಿನಲ್ಲಿ ಕರೆ ಬಂದರೆ ಅದು ಕಾರ್ಖಾನೆಯಲ್ಲಿ ಬಾರಿಸಿ ನಿಲ್ಲುವುದೇ ಹೊರತು ತಾಯಿಯನ್ನು ಮುಟ್ಟದು.

ಕೊನೆಯದಾಗಿ ಭಾಷೆಯ ಮಾತು. ಎಂಮಿತ್ರದ ಕರೆಗಳು ಮುಂಬಯಿಯಲ್ಲಿ ಹಿಂದಿಯಲ್ಲಿ, ಮರಾಠಿಯಲ್ಲಿ ಬಂದುವು. ಆಸ್ಪತ್ರೆಯ ದಾದಿಯ ಮಾತೂ ಸಾಮಾನ್ಯವಾಗಿ ಇವೇ ಭಾಷೆಗಳಲ್ಲಿ ನಡೆಯುವುದು. ಮದುವೆಯಾಗಿ ನಿನ್ನೆ ಮೊನ್ನೆ ಬಿಜಾಪುರದ ಕಡೆಯಿಂದಲೋ ಕುಂದಾಪುರದ ಕಡೆಯಿಂದಲೋ ಬಂದ ಸೊಸೆಗೆ 'ಸೂಜನ್' ಎಂದರೆ ಬಾವು, 'ಚಕ್ಕರ್' ಎಂದರೆ ತಲೆಸುತ್ತು ಎಂಬುದು ತಿಳಿಯದೆ ಹೋಗಬಹುದು. ತಿಳಿಯದಿದ್ದರೂ ನಾಚಿಕೆಯಿಂದ ತಲೆಯಾಡಿಸಿ ಬರುವವರೇ ಹೆಚ್ಚು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮರಾಠಿ, ಹೀಗೆ ಮೂರು ಭಾಷೆಗಳಲ್ಲಿಯೂ ನಡೆದಾಡುವವರು ಯಾರು? ನಮ್ಮ ಕನ್ನಡ ಶಾಲೆಯ ಮಕ್ಕಳೇ. ಆದುದರಿಂದ ಈ ಕೆಲಸದಲ್ಲಿ ದೊಡ್ಡ ಪಾಲು ನಿಮ್ಮದು.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿ ಅಮ್ಮನೋ, ಅತ್ತಿಗೆಯೋ, ನೆರೆಯ ಅಕ್ಕನೋ ಬಸುರಿಯಾಗಿದ್ದರೆ, ಆಸ್ಪತ್ರೆಯಲ್ಲಿ ನೋಂದಾಯಿಸುವಾಗ ಹಗಲಿನಲ್ಲಿ ಅವರ ಕೈಗೆ ಸಿಕ್ಕುವ ಮೊಬೈಲಿನ ಸಂಖ್ಯೆಯನ್ನೇ ಕೊಡುವಂತೆ ಹೇಳಿರಿ. ಬಂದ ಕರೆಯನ್ನು ಅವರೊಡನೆ ಕೇಳಿ ಕನ್ನಡದಲ್ಲಿ ತಿಳಿಸಿ ಹೇಳಿರಿ. ತಿಳಿಯದ ಮಾತನ್ನು ಊಹಿಸದೆ ಆಸ್ಪತ್ರೆಯಲ್ಲಿ ಕೇಳಿರಿ. ಮುಂದಿನ ತಪಾಸಣೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಇದು ಹೆಂಗಸರ ವಿಷಯವೆಂದು ಗಂಡುಮಕ್ಕಳು ದೂರ ಸರಿಯಬಾರದು. ಅಪಾಯದ ಹೊತ್ತಿನಲ್ಲಿ ಮನೆಯಲ್ಲಿರುವವನು ಒಬ್ಬ ಹುಡುಗನೇ ಆಗಿರಬಹುದು.

ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಹಾಗೆ ಹೊರಟಾಗ ಸೀರೆ, ತಿಂಡಿಗಳನ್ನು ಕಟ್ಟುವವರು ತಪಾಸಣೆಯ ಕಾರ್ಡನ್ನು ಮರೆಯುವುದುಂಟು. ಕಾರ್ಡಿನ ಪ್ರತಿಯೊಂದು ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿರಿ. ಊರಿನ ವೈದ್ಯರಿಗೆ ರಕ್ತದ ಗುಂಪು, ಹಿಂದಿನ ರಕ್ತದೊತ್ತಡ, ಎಲ್ಲವೂ ಅದರಿಂದ ತಿಳಿಯುವುದು. ಊರಿಗೆ ಹೋದೊಡನೆ ಸಿಮ್ ಬದಲಾಯಿಸಿದರೆ ಕರೆಗಳು ನಿಂತುಹೋಗುವುವು. ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಲು ಹೇಳಿರಿ. ಅಲ್ಲಿನ ಆಶಾ ಕಾರ್ಯಕರ್ತೆಯ ಸಂಖ್ಯೆಯನ್ನು ಹೊರಡುವ ಮುನ್ನವೇ ತರಿಸಿ ಬರೆದುಕೊಡಿರಿ.

ಊರಿನಲ್ಲಿ ಅಜ್ಜಿ ಮಾಡುತ್ತಿದ್ದ ಕಾವಲನ್ನು ಯಂತ್ರವೊಂದೇ ಮಾಡಲಾರದು. ಅದು ಹೊತ್ತಿಗೆ ಸರಿಯಾಗಿ ಎಚ್ಚರಿಸಬಲ್ಲುದು. ಆ ಎಚ್ಚರಿಕೆಯನ್ನು ಕೇಳಿ, ತಿಳಿಸಿ, ತಾಯಿಯ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯ ಮನುಷ್ಯರೇ ಬೇಕು. ಆ ಮನುಷ್ಯರಲ್ಲಿ ನೀವೂ ಒಬ್ಬರೆಂಬುದನ್ನು ಮರೆಯದಿರಿ.